ಇಪ್ಪತ್ತೊಂದು ಸುತ್ತು

ಮೂವತ್ತನಾಲ್ಕು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ, ಆರು ಅಂತಸ್ತಿನ ಬಟ್ಟೆ ಮಳಿಗೆಯ ಮೂರನೆಯ ಮಹಡಿಗೆ ಬೆಂಕಿ ಬಿತ್ತು. ಸೂರಿನಿಂದ ನೀರು ಸುರಿಸಬೇಕಾದ ಸ್ಪ್ರಿಂಕ್ಲರುಗಳು ಬಾಯಿ ತೆರೆದವು, ಆದರೆ ಒಂದು ಹನಿಯೂ ಉದುರಲಿಲ್ಲ. ಕೆಳಗಿನ ಮಹಡಿಗಳ ಜನರೆಲ್ಲ ಮೆಟ್ಟಿಲಿಳಿದು ಬೀದಿಗೆ ಓಡುತ್ತಿದ್ದಾಗ, ಮಳಿಗೆಯ ಅಗ್ನಿ ಸಲಕರಣೆಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಒಬ್ಬರು ಮಾತ್ರ ಬೀದಿಯ ಬಾಗಿಲನ್ನೂ ದಾಟಿ ಇನ್ನೂ ಕೆಳಕ್ಕೆ, ನೆಲಮಾಳಿಗೆಯ ಪಂಪ್ ರೂಮಿಗೆ ಇಳಿದರು. ವಿದ್ಯುತ್ ಹೋಗಿತ್ತು. ಲಿಫ್ಟಿನ ತಳದ ಹೊಂಡಕ್ಕೆ ಉದುರಿದ್ದ ಉರಿವ ಬಟ್ಟೆಗಳ ಹೊಗೆ ಅಲ್ಲಿಗೂ ಬಂದು ಕವಿದಿತ್ತು. ಕತ್ತಲಲ್ಲಿ ಡೀಸೆಲ್ ಪಂಪು ವೃಥಾ ಗುಡುಗುತ್ತಿತ್ತು. ಅವರು ಗೋಡೆ ತಡವಿಕೊಂಡು ದೊಡ್ಡ ಕೊಳವೆಯ ವಾಲ್ವಿನ ಚಕ್ರವನ್ನು ಹಿಡಿದು, ಎಣಿಸುತ್ತ ಎಣಿಸುತ್ತ ತಿರುಗಿಸಿದರು. ಇಪ್ಪತ್ತೊಂದು ಸುತ್ತು. ಅಂಗೈಯ ಚರ್ಮ ಕಿತ್ತು ಚಕ್ರಕ್ಕೇ ಅಂಟಿತು. ಮೇಲೆ ನೀರು ಧೋ ಎಂದು ಸುರಿಯಿತು. ಮೇಲಿನ ಮಹಡಿಗಳಲ್ಲಿ ಸಿಕ್ಕಿಕೊಂಡಿದ್ದ ನಲವತ್ತು ಮಂದಿ ಜೀವಸಹಿತ ಹೊರಬಂದರು.

ಅಂದಿನಿಂದ ಅವರು ತಾವು ಕೆಲಸಕ್ಕಿದ್ದ ಅಗ್ನಿಸುರಕ್ಷಾ ಕಂಪನಿಯಲ್ಲಿ 'ಇಪ್ಪತ್ತೊಂದು ಸುತ್ತಿನ ಯಜಮಾನರು' ಎನಿಸಿಕೊಂಡರು. ಮನೆಗೆ ಬಂದ ನೆಂಟರಾರೂ ಈ ಕಥೆ ಕೇಳದೆ ಹೊಸಿಲು ದಾಟಿದ್ದಿಲ್ಲ. ನಿಮ್ಮ ಇಪ್ಪತ್ತೊಂದು ಸುತ್ತಿಗೆ ಬಂದವರೆಲ್ಲ ತಲೆಸುತ್ತಿ ಬೀಳುತ್ತಾರೆ ಎಂದು ಹೆಂಡತಿ ಬದುಕಿರುವವರೆಗೂ ಹಾಸ್ಯ ಮಾಡುತ್ತಿದ್ದರು. ಮೊಮ್ಮಗಳು ಮಾತ್ರ ಚಿಕ್ಕಂದಿನಲ್ಲಿ ಅವರ ಬೆರಳುಗಳ ಮೇಲೆ ಸುತ್ತುಗಳನ್ನು ಎಣಿಸುತ್ತ, ಹದಿನೇಳೋ ಹದಿನೆಂಟೋ ಬರುವಷ್ಟರಲ್ಲಿ ನಿದ್ದೆಹೋಗುತ್ತಿದ್ದಳು.

ಆ ಮೊಮ್ಮಗಳು ಈಗ ತಾತ ದುಡಿದ ಕಂಪನಿಯಲ್ಲೇ, ತಾತನದೇ ಕೆಲಸದಲ್ಲಿದ್ದಳು. ಕಟ್ಟಡದಿಂದ ಕಟ್ಟಡಕ್ಕೆ ಅಲೆದು ಅಲಾರಮ್ಮು, ಪಂಪು, ವಾಲ್ವುಗಳನ್ನು ಪರೀಕ್ಷಿಸುವುದಲ್ಲದೆ, ಹೊಸದಾಗಿ ಸೇರಿದವರಿಗೆ ಕಲಿಸುವ ಹೊಣೆಯೂ ಹೋದ ತಿಂಗಳು ಅವಳ ಹೆಗಲಿಗೆ ಬಿದ್ದಿತ್ತು. ನಾಳೆ ಹತ್ತು ಮಂದಿ ಬರುವವರಿದ್ದರು. ಮೊದಲ ಪಾಠ ತಾತನ ಕಥೆಯೇ ಆಗಬೇಕೆಂಬುದು ಅವಳ ಹಟ. ಅದನ್ನು ಸರಿಯಾಗಿ ಬರೆದುಕೊಳ್ಳಲೆಂದೇ ಆ ಬೆಳಗ್ಗೆ ಅವರನ್ನು ಅದೇ ಮಳಿಗೆಯ ಅದೇ ಪಂಪ್ ರೂಮಿಗೆ ಕರೆತಂದಿದ್ದಳು.

ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೋಣೆಯಲ್ಲಿ ಈಗ ಹಗಲಿನಂಥ ಬೆಳಕು. ಕೊಳವೆಗಳಿಗೆ ಹೊಸ ಕೆಂಪು ಬಣ್ಣ. ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿತ್ತು. ತೆರೆದ ವಾಲ್ವನ್ನು ಯಾರೂ ಸುಮ್ಮನೆ ಮುಚ್ಚದಂತೆ ಬೀಗ ಹಾಕುವ ಈ ಪದ್ಧತಿಯನ್ನು ಆ ಬೆಂಕಿಯಾದ ಮೇಲೆ ಹಟ ಹಿಡಿದು ತಂದವರು ಅವರೇ. ಇಡೀ ಕಂಪನಿ ಅದನ್ನು ಅವರ ದೂರದೃಷ್ಟಿ ಎಂದು ಕೊಂಡಾಡಿತ್ತು.

ಅವರು ಎಂದಿನ ಏರಿಳಿತದಲ್ಲಿ ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಇಪ್ಪತ್ತೊಂದಕ್ಕೆ ಬಂದಾಗ ಪೆನ್ನು ನಿಂತಿತು.

"ತಾತ, ತೆರೆಯೋಕೆ ಇಪ್ಪತ್ತೊಂದು ಸುತ್ತು ಬೇಕಾಯ್ತು ಅಂದ್ರೆ ಪೂರ್ತಿ ಮುಚ್ಚಿತ್ತು ಅಂತಾಯ್ತಲ್ಲ. ಇದು ಯಾವಾಗ್ಲೂ ತೆರೆದೇ ಇರಬೇಕಾದ ವಾಲ್ವು. ಮುಚ್ಚಿದ್ದು ಯಾರು?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನೆಂಟರಿಗೆ ವಾಲ್ವಿನ ವಿಷಯ ತಿಳಿಯದು. ತಿಳಿದಿದ್ದ ಅಧಿಕಾರಿಗಳಿಗೆ ಆ ಸಂಜೆಯೇ ಉತ್ತರ ಸಿಕ್ಕಿತ್ತು.

"ಕಾವಲುಗಾರ," ಎಂದರು. "ಕೋಣೆಯ ಬೀಗದ ಕೈ ಅವನ ಹತ್ರನೂ ಇರ್ತಿತ್ತು."

ಅವಳು ತಲೆಯಾಡಿಸಿ ಬರೆದಳು. ಆ ದುಂಡನೆಯ ಅಕ್ಷರಗಳು ನಿಂತಲ್ಲಿಂದಲೇ ಅವರಿಗೆ ಕಾಣುತ್ತಿದ್ದವು: 'ಕಾರಣ, ಕಾವಲುಗಾರನ ಬೇಜವಾಬ್ದಾರಿ.' ನಾಳೆ ಹತ್ತು ಮಂದಿ ಇದನ್ನು ಬಾಯಿಪಾಠ ಮಾಡುವರು. ನಾಡಿದ್ದು ಅವರು ಬೇರೆಯವರಿಗೆ ಹೇಳುವರು. ತಮ್ಮ ಬಾಯಿಂದ ಹೊರಟ ಮಾತು ಈಗ ಮೊಮ್ಮಗಳ ಕೈಬರಹವಾಗಿತ್ತು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು.

"ಹೊಡೆದು ಹಾಕಮ್ಮ ಅದನ್ನ," ಎಂದರು. "ಮುಚ್ಚಿದ್ದು ನಾನು."

ಆಮೇಲೆ ಮಾತು ಕಥೆಯ ಏರಿಳಿತವಿಲ್ಲದೆ, ತಡೆತಡೆದು ಬಂತು. ಬೆಂಕಿಗೆ ನಾಲ್ಕು ದಿನ ಮೊದಲು, ಗುರುವಾರ, ಎರಡನೆಯ ಮಹಡಿಯಲ್ಲಿ ಒಂದು ಸ್ಪ್ರಿಂಕ್ಲರು ಸೋರುತ್ತಿತ್ತು. ವಾಲ್ವು ಮುಚ್ಚಿ, ಮೇಲೆ ಹೋಗಿ ಅದನ್ನು ಬದಲಿಸಿದರು. ಇಳಿದು ಬಂದು ತೆರೆದ ಮೇಲೆ ತುಂಬಬೇಕಾದ ತಪಾಸಣೆಯ ಕಾರ್ಡನ್ನು, ಎಂದಿನಂತೆ, ಮಳಿಗೆಯ ಮ್ಯಾನೇಜರರ ಕೋಣೆಯ ಫ್ಯಾನಿನ ಕೆಳಗೆ ಕೂತು ಮೊದಲೇ ತುಂಬಿದರು. 'ವಾಲ್ವು: ತೆರೆದಿದೆ.' ಕಾರ್ಡು ಮುಗಿದದ್ದರಿಂದ ಮನಸ್ಸಿನಲ್ಲಿ ಕೆಲಸವೂ ಮುಗಿದಿತ್ತು. ನೆಲಮಾಳಿಗೆಗೆ ಇಳಿಯದೆ ನೇರ ಮನೆಗೆ ಹೋದರು. ಬೆಂಕಿಯ ದಿನ ನೀರು ಬಾರದಿದ್ದಾಗ, ಯಾರೂ ಹೇಳದೆಯೇ ಅವರ ಕಾಲು ಕೆಳಗೆ ಓಡಿದ್ದು ಅದಕ್ಕೇ.

ಕಾರ್ಡಿನಲ್ಲಿ ವಾಲ್ವು ತೆರೆದಿತ್ತಾದ್ದರಿಂದ ತಪ್ಪೆಲ್ಲ ಕೋಣೆಯ ಬೀಗದ ಕೈಯಿದ್ದ ಕಾವಲುಗಾರನ ಮೇಲೆ ಬಿತ್ತು; ಬೆಂಕಿಯ ಮರುದಿನವೇ ಅವನನ್ನು ಕೆಲಸದಿಂದ ತೆಗೆದರು. ವಾರದ ಮೇಲೆ ಅವನು ಇವರ ಮನೆಯ ಗೇಟಿಗೆ ಬಂದಿದ್ದ. ಒಳಗೆ ಕರೆದರೂ ಬರಲಿಲ್ಲ. "ಯಜಮಾನ್ರೇ, ನಿಮ್ಮ ಮಾತು ಕೇಳ್ತಾರೆ. ನಾನು ಆ ಚಕ್ರ ಮುಟ್ಟಿದವನಲ್ಲ ಅಂತ ಒಂದು ಮಾತು ಹೇಳಿ" ಎಂದಿದ್ದ. ಬ್ಯಾಂಡೇಜು ಸುತ್ತಿದ ಕೈಗಳನ್ನು ಎದೆಗೊತ್ತಿಕೊಂಡು ಇವರು, ನೋಡೋಣ ಎಂದಿದ್ದರು. ಆ ಬ್ಯಾಂಡೇಜನ್ನು ಕಂಡು ಅವನೇ ಮರುಗಿ, ಜೋಪಾನ ಎಂದು ಹೇಳಿ ಹೋಗಿದ್ದ.

"ಆಮೇಲೆ?"

"ಆಮೇಲೆ ನಾನು ವಿಚಾರಿಸಲೇ ಇಲ್ಲ. ಎಲ್ಲಿ ಹೋದ, ಹೇಗೆ ಬದುಕಿದ, ಒಂದೂ ಗೊತ್ತಿಲ್ಲ."

ಅವಳು ಕಾವಲುಗಾರನ ಸಾಲನ್ನು ನಿಧಾನವಾಗಿ, ಅಡ್ಡಗೆರೆಯೆಳೆದು ಹೊಡೆದುಹಾಕಿದಳು. ಬೆನ್ನು ತಿರುಗಿಸಿ ಸರಪಳಿಯನ್ನು ಮುಟ್ಟಿ ನೋಡಿದಳು; ಅದು ದೂರದೃಷ್ಟಿಯಲ್ಲವೆಂಬುದು ಅವಳಿಗೆ ಈಗ ತಿಳಿದಿತ್ತು.

"ನನ್ನ ಕೈಕೆಳಗಿನವರು ಹೀಗೆ ಮಾಡಿದ್ರೆ ಮನೆಗೆ ಕಳಿಸ್ತೀನಿ, ತಾತ."

"ಕಳಿಸಬೇಕು."

"ನಾಳೆ ಹೇಳೋದಿದ್ರೆ ನೀನೇ ಬಂದು ಹೇಳಬೇಕು. ನನ್ನ ಬಾಯಲ್ಲಿ ಬರಲ್ಲ."

ಹತ್ತು ಹೊಸ ಮುಖಗಳ ಎದುರು, ತಮ್ಮನ್ನು ಹೊಗಳಲು ಕಾದು ಕೂತವರ ಎದುರು. ಅವರು ಅಂಗೈಗಳನ್ನು ನೋಡಿಕೊಂಡರು. ಗಾಯದ ಗುರುತು ಎಂದೋ ಮಾಸಿತ್ತು. ಬಂದವರಿಗೆಲ್ಲ ತೋರಿಸುವ ಚಾಳಿ ಮಾತ್ರ ಉಳಿದಿತ್ತು. ಅಂಗೈಗಳನ್ನು ಮಡಚಿ, ಬರುತ್ತೇನೆ ಎಂದರು.

ಮೊಮ್ಮಗಳು ಪುಸ್ತಕದಲ್ಲಿ ಹೊಸ ಹಾಳೆ ತಿರುವಿ, ಪಂಪಿನ ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ಅವರಿಗೂ ಜಾಗ ಬಿಟ್ಟಳು.

"ಇನ್ನೊಂದ್ಸಲ ಹೇಳು, ತಾತ," ಎಂದಳು. "ಈ ಸಲ ಗುರುವಾರದಿಂದ."