ಜೈತುನಬಿ ಹಿಡಿದ ವಕೀಲರು

೧೯೬೧ರಲ್ಲಿ ಆಲಮೇಲದ ಜೈತುನಬಿಯ ಹೊಲಿಗೆ ಮಿಷನ್ನು ಜಪ್ತಿಯಾಯಿತು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ಅದೇ ಮಿಷನ್ನಿನಲ್ಲಿ ಊರ ಹೆಂಗಸರ ಕುಪ್ಪಸ ಹೊಲಿದು ಆಕೆ ಮನೆ ನಡೆಸಿದ್ದಳು. ಮೈದುನ ಅರಿವೆ ಅಂಗಡಿ ಹಾಕಿದಾಗ ಜಾಮೀನಿಗೆ ಹೆಬ್ಬೆಟ್ಟು ಒತ್ತಿದ್ದೇ ತಪ್ಪಾಯಿತು. ಅಂಗಡಿ ಮುಳುಗಿತು, ಮೈದುನ ಹೇಳದೆ ಕೇಳದೆ ಸೊಲ್ಲಾಪುರದ ಕಡೆ ಹೋಗಿಬಿಟ್ಟ. ಅವನಿಗೆ ಉದ್ರಿಗೆ ಮಾಲು ಕೊಟ್ಟಿದ್ದ ಸಿಂದಗಿಯ ವ್ಯಾಪಾರಿ ಬಾಬುಲಾಲ ಜೈತುನಬಿಯ ಮೇಲೆ ಕೋರ್ಟಿನಿಂದ ಡಿಕ್ರಿ ತಂದ. ಕೋರ್ಟಿನ ಅಮೀನ ಮಿಷನ್ನನ್ನು ಚಾವಡಿಯಲ್ಲಿಟ್ಟು ಬೀಗ ಹಾಕಿದ.

“ಉಳದ ರೊಕ್ಕ ಕೊಡದಿದ್ರ ಜೇಲಿಗೆ ಹಾಕಸ್ತೇನಿ” ಎಂದು ಬಾಬುಲಾಲ ಹೇಳಿ ಕಳಿಸಿದ.

ಇದ್ದದ್ದೆಲ್ಲ ಕೋರ್ಟಿಗೆ ಬರೆದುಕೊಟ್ಟು ಸಾಲದಿಂದ ಬಿಡುಗಡೆ ಕೇಳುವ ದಿವಾಳಿ ಅರ್ಜಿಯೊಂದೇ ದಾರಿ ಎಂದ ಊರ ತಲಾಟಿ. ಜೈತುನಬಿ ಸಿಂದಗಿಯ ಒಬ್ಬ ವಕೀಲನ ಬಳಿ ಹೋದಳು.

“ಬಂಗಾರದ ಮೂಗಬಟ್ಟು ತಗದು ಅಕ್ಕನ ಮನ್ಯಾಗ ಇಡು. ಅರ್ಜಿಯೊಳಗ ಬರಸಬ್ಯಾಡ” ಎಂದ ಅವನು.

ಆಕೆಗೆ ಅದು ಸರಿಬರಲಿಲ್ಲ. ಎದ್ದು ಬಂದವಳು ಮರುದಿನ ಇಂಡಿ ಊರಿನ ಬಸ್ಸು ಹತ್ತಿ, ಅಲ್ಲಿನ ಕುತುಬುದ್ದೀನ ವಕೀಲರ ಮನೆಯ ಕಟ್ಟೆಯ ಮೇಲೆ ಕುಳಿತಳು.

“ಮುರದ ಕತ್ತರಿ ಇದ್ರೂ ಬರಸು ತಂಗಿ” ಎಂದರು ಆ ಮುದುಕ. “ಒಂದು ಮುಚ್ಚಿಟ್ಟರ ಕೋರ್ಟು ಉಳದ ಮಾತೂ ನಂಬೂದಿಲ್ಲ.”

“ಜೇಲು, ಸಾಹೇಬ್ರ?”

“ಸಾಲದ ಡಿಕ್ರಿಗೆ ಹೆಣ್ಣಮಗಳನ್ನ ಜೇಲಿಗೆ ಹಾಕಾಕ ಬರೂದಿಲ್ಲ. ಕೈಕಸಬಿನವ್ರ ಮಿಷನ್ನಿನಂಥಾ ಹತ್ಯಾರಾನೂ ಕಸಗೊಳ್ಳಾಕ ಬರೂದಿಲ್ಲ. ಕಾಯ್ದೇದಾಗ ಐತಿ. ಗಟ್ಟಿಯಾಗಿ ಕೇಳೂನು.”

ಎಷ್ಟೋ ತಿಂಗಳ ಮೇಲೆ ಜೈತುನಬಿ ಅಂದು ಮೊದಲ ಸಲ ಹೊಟ್ಟೆತುಂಬ ಉಂಡಳು.

ವಿಜಾಪುರದ ಕೋರ್ಟಿನಲ್ಲಿ ಬಾಬುಲಾಲನ ವಕೀಲ ವಾದಿಸಿದ: ಮಿಷನ್ನು ಮೈದುನನ ಅಂಗಡಿಯದು, ಈಕೆಗೆ ಹೊಲಿಗೆಯೇ ಬಾರದು. ಕುತುಬುದ್ದೀನರು ಆಲಮೇಲದ ಕುರಿಗಾರ ಸಿದ್ದರಾಯನ ಹೆಂಡತಿ ರೇವವ್ವನನ್ನು ಸಾಕ್ಷಿಗೆ ಕರೆದರು.

“ನಾ ತೊಟ್ಟ ಕುಪ್ಪಸ ಈಕಿನ ಹೊಲದಾಳ್ರಿ” ಎಂದಳು ರೇವವ್ವ.

“ಯಾವನೋ ಸಿಂಪಿಗ ಹೊಲಿದಿರಬಹುದಲ್ಲ?” ಎಂದ ಎದುರು ವಕೀಲ.

“ಒಳಗ ಕಳ್ಳಕಿಸೆ ಐತ್ರಿ, ಗಂಡಗ ಗೊತ್ತಾಗಲಾರದಂಗ ರೊಕ್ಕ ಇಡಾಕ. ಅದನ್ನ ಯಾವ ಗಂಡಸು ಹೊಲದು ಕೊಡ್ತಾನ್ರಿ?”

“ನಮ್ಮ ಕುಪ್ಪಸದಾಗೂ ಐತ್ರಿ!” ಹಿಂದೆ ಕುಳಿತಿದ್ದ ಆಲಮೇಲದ ಏಳು ಹೆಂಗಸರು ಒಟ್ಟಿಗೆ ಎದ್ದರು. ಕೋರ್ಟೆಲ್ಲ ನಕ್ಕಿತು. ಬಾಗಿಲಲ್ಲಿದ್ದ ಸಿದ್ದರಾಯ ಬಾಯಿ ತೆರೆದವನು ಮುಚ್ಚಲಿಲ್ಲ.

ಜಡ್ಜರು ಅರ್ಜಿ ಒಪ್ಪಿಕೊಂಡರು. ಮಿಷನ್ನು ವಾಪಸು ಕೊಡಿ ಎಂದರು. ಆಕೆಯೇ ಅರ್ಜಿಯ ಯಾದಿಯಲ್ಲಿ ಬರೆಸಿದ್ದ ಮೂಗುಬಟ್ಟು ಮಾತ್ರ ಸಾಲಕ್ಕೆ ಹೋಗಬೇಕಾಯಿತು. ಜೈತುನಬಿ ಯಾರೂ ಕೇಳುವ ಮೊದಲೇ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

“ನಿಮ್ಮ ಫೀಜು ಹೊಲದು ಕೊಡ್ತೇನ್ರಿ ಸಾಹೇಬ್ರ” ಎಂದಳು ಹೊರಗೆ ಬಂದು.

“ಅವಸರ ಇಲ್ಲ” ಎಂದು ಕುತುಬುದ್ದೀನರು ಗೌನು ಮಡಿಚಿಕೊಂಡರು.

ಮಿಷನ್ನು ತರಲು ಸಿದ್ದರಾಯ ಚಾವಡಿಗೆ ಬಂಡಿ ತಂದ.

“ಹಿಂದಿನ ಓಣೀಲೆ ಒಯ್ಯೂನೇನ ಅಕ್ಕಾ? ದಿವಾಳಿ ಆದಾಕಿ ಅಂತ ಮಂದಿ ಆಡ್ಕೋತಾರ.”

ಜೈತುನಬಿ ಬಂಡಿ ಹತ್ತಿ ಮಿಷನ್ನಿನ ಪಕ್ಕ ನೆಟ್ಟಗೆ ಕುಳಿತಳು.

“ನಡು ಬಜಾರದಾಗ ಹೊಡಿ ಸಿದ್ದರಾಯ. ಎತ್ತಿಗೆ ಅವಸರ ಮಾಡಬ್ಯಾಡ.”

ಬಂಡಿ ಬಜಾರ ದಾಟುವಾಗ ಬಾಗಿಲು ಬಾಗಿಲಿನಿಂದ ಹೆಂಗಸರು ಬಂದರು. ಮನೆ ಮುಟ್ಟುವಷ್ಟರಲ್ಲಿ ಆಕೆಯ ಮಡಿಲಿಗೆ ಕುಪ್ಪಸ ಹೊಲಿಯಲು ಹನ್ನೊಂದು ಹೊಸ ಖಣ ಬಂದು ಬಿದ್ದಿದ್ದವು.