ಹೊಳೆಯ ಗಾಳ ಕಡಲಿಗೆ ಹೋದದ್ದು

ನಾನು ಒಂದು ಗಾಳ. ಮೊದಲು ನೆಟ್ಟಗೇ ಇದ್ದೆ, ಸೈಕಲ್ ಚಕ್ರದ ಕಡ್ಡಿಯಾಗಿ. ಹೊನ್ನಾವರದ ಆಚಾರಿಯೊಬ್ಬ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ, ತುದಿಗೆ ಮುಳ್ಳು ತೆಗೆದ. ಆವತ್ತಿನಿಂದ ಮನುಷ್ಯರೆಂದರೆ ನನಗೆ ಆಗದು.

ನನ್ನನ್ನು ಮಾಡಿಸಿದವನು ಹನುಮಂತ ಅಂಬಿಗ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಮಾಸ್ತಿ ಶರಾವತಿ ಹೊಳೆ ಬಿಟ್ಟು ಕದಲಿದವನಲ್ಲ. ಕಿರಿಯ ಜಟ್ಟಿ ಕಡಲಿಗೆ ಹೋಗುವವನು. ಪೇಟೆಯವರು ಸಾಲ್ಮನ್ ಎನ್ನುವ ರಾವಸ್ ಮೀನು ಎರಡೂ ಕಡೆ ಸಿಗುತ್ತದೆ. ಅದನ್ನು ಹಿಡಿಯುವುದು ಎಲ್ಲಿ ಕಷ್ಟ ಎಂದು ಇಬ್ಬರೂ ಉಣ್ಣುವಾಗಲೂ ಕಿತ್ತಾಡುತ್ತಿದ್ದರು. ಹಾವು ಮುಂಗುಸಿಯೇ ವಾಸಿ. ಮುದುಕನಿಗೆ ಸಾಕಾಯಿತು.

"ಹೊಳೆಯವ ಕಡಲಿಗೆ ಹೋಗ್ಲಿ, ಕಡಲಿನವ ಹೊಳಿಗೆ ಹೋಗ್ಲಿ. ಇದೊಂದೇ ಗಾಳ. ರಾವಸ್ ತಂದವ್ಗೆ ನನ್ನ ದೋಣಿ," ಎಂದ.

ಆ ದೋಣಿ ಇಬ್ಬರಿಗೂ ಬೇಕಿತ್ತು.

ಮೊದಲು ಜಟ್ಟಿ ಹೊಳೆಗೆ ಹೋದ. ಹೊಳೆಯಲ್ಲಿ ಮೀನು ಎರೆಯನ್ನು ಮುಟ್ಟಿ, ಬಿಟ್ಟು, ಸತಾಯಿಸಿ ನುಂಗುತ್ತದೆ. ಅಷ್ಟು ತಾಳ್ಮೆ ಆ ಮಹಾರಾಯನಿಗೆಲ್ಲಿ? ಕಡಲಿನಲ್ಲಿ ಜಗ್ಗಿದಂತೆ ಜಗ್ಗಿದ. ತುಟಿಯ ಚೂರೊಂದು ನನ್ನಲ್ಲಿ ಉಳಿಯಿತು, ಮೀನು ಹೋಯಿತು. ಮಾಸ್ತಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವನ್ನು ಜಟ್ಟಿ ಮರೆಯಲಿಲ್ಲ.

ಮರುದಿನ ಮಾಸ್ತಿಯ ಸರದಿ. ಕಡಲಿಗೆ ಒಬ್ಬನೇ ಹೋಗುವಂತಿಲ್ಲ, ಇಬ್ಬರೂ ಹೋದರು. ಹುಟ್ಟು ಜಟ್ಟಿಯ ಕೈಯಲ್ಲಿ, ನಾನು ಮಾಸ್ತಿಯ ಕೈಯಲ್ಲಿ. ಮೀನು ಮುಟ್ಟಿದ್ದು ತಿಳಿಯಲೆಂದು ದಾರವನ್ನು ತೋರುಬೆರಳಿಗೆ ಸುತ್ತಿಕೊಳ್ಳುವುದು ಹೊಳೆಯವರ ಅಭ್ಯಾಸ. ಮಾಸ್ತಿ ಹಾಗೇ ಸುತ್ತಿಕೊಂಡ. ಕಡಲಿನಲ್ಲಿ ಯಾರೂ ಸುತ್ತುವುದಿಲ್ಲ. ಜಟ್ಟಿ ನೋಡಿದ. ಬಾಯಿ ಬಿಡಲಿಲ್ಲ.

ನಾನು ಕೆಳಗಿಳಿದೆ. ತೊಡೆಗಾತ್ರದ ರಾವಸ್ ಒಂದೇ ಸಲಕ್ಕೆ ನುಂಗಿ ಓಡಿತು. ಮೇಲಿನ ಕಿರುಚಾಟ ನನಗೂ ಕೇಳಿಸಿತು. ಆಗ ಹೆದರಿ ಜಟ್ಟಿಯೇ ದಾರಕ್ಕೆ ಕೈಹಾಕಿ ಜಗ್ಗಿದ. ಮೀನು ದೋಣಿಗೆ ಬಂತು. ಬೆರಳು ಹೋಗಿತ್ತು.

ದೋಣಿ ಮಾಸ್ತಿಯದಾಯಿತು. ಆದರೆ ಆ ಬೆರಳಿಲ್ಲದೆ ಅವನು ಮತ್ತೆ ಹೊಳೆಗೆ ಇಳಿಯಲಿಲ್ಲ. ನನ್ನನ್ನು ದೋಣಿಯ ಅಂಚಿಗೆ ಚುಚ್ಚಿಟ್ಟ. ಹತ್ತು ಮಳೆಗಾಲ ಕಳೆದವು. ನನಗೆ ತುಕ್ಕು, ದೋಣಿಗೆ ಹುಳು.

ಮೊನ್ನೆ ಜಟ್ಟಿ ಬಂದು ನಿಂತ. "ಅಣ್ಣಾ, ದೋಣಿ ಸುಮ್ನೆ ಕೊಳೀತಾ ಬಿದ್ದದೆ. ನಂಗಾದ್ರೂ ಕೊಡಾ."

"ತಕಂಡ್ ಹೋಗು," ಎಂದ ಮಾಸ್ತಿ. "ಆವತ್ತು ನಾ ದಾರ ಸುತ್ಕಂಡದ್ದು ನೀ ಕಂಡಿದ್ಯಾ ಇಲ್ಲಾ? ಅದೊಂದು ಹೇಳು."

ಜಟ್ಟಿ ಹೊಳೆಯ ಕಡೆ ನೋಡಿದ, ಕಡಲಿನ ಕಡೆ ನೋಡಿದ, ಬಂದ ದಾರಿಯಲ್ಲೇ ಹೊರಟುಹೋದ.

ಎಲ್ಲಿ ಕಷ್ಟ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಹೊಳೆಗೆ ತಾಳ್ಮೆ ಬೇಕು, ಕಡಲಿಗೆ ನಂಬಬಹುದಾದ ಜೊತೆ ಬೇಕು. ಈ ಮನೆಯಲ್ಲಿ ಎರಡೂ ಇರಲಿಲ್ಲ.