ಒಂಟಿ ಕಾಲಲ್ಲಿ ನಿಂತ ಗಿಣಿ

ನನ್ನ ಗಂಡ ಶೀನನಿಗೆ ಗಿಣಿಯ ಮೈಯೆಲ್ಲ ಅರ್ಥವಾಗುತ್ತಿತ್ತು, ಹೆಂಡತಿಯ ಮುಖವೊಂದು ಬಿಟ್ಟು. ಈ ಸಿಟ್ಟು ನನಗೆ ಮದುವೆಯಾದ ವರ್ಷದಿಂದಲೇ ಇತ್ತು.

ಅವನು ಮಂಜಿಯಲ್ಲಿ ಖಲಾಸಿ. ಹಂಗಾರಕಟ್ಟೆಯಿಂದ ಹೆಂಚು ತುಂಬಿಕೊಂಡು ಬೊಂಬಾಯಿಗೆ ಹೋಗುವ ಹಾಯಿಹಡಗಿಗೆ ನಾವು ಮಂಜಿ ಎನ್ನುವುದು. ಮಳೆಗಾಲ ಮುಗಿದು ಕಡಲು ತಣ್ಣಗಾಯಿತೋ, ಹೊರಟ. ಆಮೇಲೆ ಗಿಣಿಯೂ ನಾನೂ ದಾರಿ ಕಾಯುವುದು. ತಿಂಗಳುಗಟ್ಟಲೆ ಕಾದ ಮೇಲೆ ಬಂದವನು ಮೊದಲು ಹೋಗುವುದು ಪಂಜರದ ಹತ್ತಿರ! ಅಲ್ಲೇ ಕುಕ್ಕರಗಾಲಲ್ಲಿ ಕೂತು, 'ಹೆಣೆ' ಎಂದು ನನ್ನನ್ನು ಕರೆದು ಪಾಠ ಬೇರೆ.

"ಹೆಣೆ, ಕಣ್ಣಿನ ಕರಿಬೊಟ್ಟು ಸಣ್ಣ ದೊಡ್ಡ ಆತ್ತ್ ಕಾಣ್. ಈಗ ಕೈ ಹಾಕ್ಬೇಡ, ಕಚ್ಚತ್ತ್. ಕುತ್ತಿಗಿ ಬಗ್ಸಿ ಗರಿ ಉಬ್ಸಿದ್ರೆ ತುರ್ಸುಕೆ ಹೇಳುದ್. ಒಂಟಿ ಕಾಲಲ್ ನಿಂತ್ ಕೊಕ್ಕ್ ತೇದ್ರೆ ನಿದ್ದಿ ಬಂತ್. ಆಗ ಎಂತ ಕೊಟ್ರೂ ಬಾಯಿ ಬಿಡ್ತಿಲ್ಲೆ."

ನನ್ನ ಕುತ್ತಿಗೆಯೂ ಒಲೆ ಊದುತ್ತಾ ಬಗ್ಗಿಯೇ ಇತ್ತು. ಪುಣ್ಯಾತ್ಮ ಒಂದು ಸಲ ತಿರುಗಿ ನೋಡಬೇಕಲ್ಲ!

ಆ ವರ್ಷ ಹಡಗು ಕಟ್ಟುವ ಪ್ರೇಮಾನಂದ ಅವನನ್ನು ಹಲಗೆ ಕೆಲಸಕ್ಕೆ ಕರೆದಿದ್ದ. ಊರಲ್ಲೇ ಉಳಿಯಬಹುದಿತ್ತು. ಇವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. 'ಇರಿ' ಎಂದು ನಾನೂ ಹೇಳಲಿಲ್ಲ. ಕಡಲಿಗೆ ಹೋಗುವವನನ್ನು ಹೆಂಡತಿ ತಡೆಯಬಾರದು, ನಮ್ಮಲ್ಲಿ ಹಾಗೆ. ಮೇಲಿಂದ ನನಗೆ ಕೊಬ್ಬು. ಗಿಣಿಗೆ ಕೇಳದೆಯೇ ಸಿಗುವುದನ್ನು ನಾನೇಕೆ ಬಾಯಿಬಿಟ್ಟು ಕೇಳಲಿ?

ಹೊರಡುವ ದಿನ ಬಂತು. ಭರತದ ನೀರು ಏರಿದಾಗಲೇ ಮಂಜಿ ಅಳಿವೆ ದಾಟಬೇಕು. ಮಂಜಿ ನಡೆಸುವ ಮಂಜಯ್ಯ ಯಾರಿಗೂ ಕಾಯುವವನಲ್ಲ. ಹಿಂದಿನ ವರ್ಷ ತಡವಾಗಿ ಬಂದ ಖಲಾಸಿ ಬಚ್ಚನನ್ನು ದಡದಲ್ಲೇ ಬಿಟ್ಟು ಹೋಗಿದ್ದ. ಬಚ್ಚ ಆ ವರ್ಷವಿಡೀ ಊರಲ್ಲೇ ಉಳಿದ.

ಶೀನ ಗಿಣಿಯ ಕುತ್ತಿಗೆ ತುರಿಸಿ, ಪೆಟ್ಟಿಗೆಯನ್ನು ತಲೆಗೇರಿಸಿ, ನನ್ನ ಕಡೆ ನೋಡದೆ "ಬತ್ತೆ" ಎಂದ. ಅಂಗಳದಾಚೆಯ ತೆಂಗಿನ ಮರ ದಾಟುವಷ್ಟರಲ್ಲಿ ನಾನು ಕೂಗಿಬಿಟ್ಟೆ.

"ಹ್ವಾಯ್!"

ನಾನು ಗಂಡನನ್ನು ಕರೆಯುವುದೇ ಹಾಗೆ. ಗಿಣಿಯೂ ನನ್ನಿಂದ ಅದನ್ನೇ ಕಲಿತಿತ್ತು. ಹೊರಟವನನ್ನು ಹಿಂದಿನಿಂದ ಕರೆದರೆ ಅಪಶಕುನ. ಅವನು ವಾಪಸು ಬಂದು, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಶೀನ ಬಂದು ಜಗಲಿಯಲ್ಲಿ ಕೂತ.

"ಎಂತಕ್ ಕರ್ದೆ?"

"ನಾ ಕರಿಲಿಲ್ಲೆ. ನಿಮ್ಮ ಗಿಣಿ ಕರ್ದದ್ದ್."

ಅವನು ಪಂಜರದ ಕಡೆ ನೋಡಿದ. ಗಿಣಿ ಒಂಟಿ ಕಾಲಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ, ಕೊಕ್ಕು ತೇಯುತ್ತಿತ್ತು.

ಆಮೇಲೆ ನನ್ನನ್ನು ನೋಡಿದ. ನನ್ನ ಕಣ್ಣು, ಕುತ್ತಿಗೆ, ಸೆರಗು ಹಿಂಡುತ್ತಿದ್ದ ಕೈ, ಎಲ್ಲವನ್ನೂ ನೋಡಿದ. ಗಿಣಿಯನ್ನು ನೋಡುವಷ್ಟೇ ಹೊತ್ತು, ಅಷ್ಟೇ ಸಮಾಧಾನದಲ್ಲಿ. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಇಷ್ಟೇ. ಅಳು ತಡೆಯಲಾಗಲಿಲ್ಲ.

ಅವನು ನೀರು ಕುಡಿದು, ಪೆಟ್ಟಿಗೆ ಎತ್ತಿಕೊಂಡು ಇಳಿದ. ದಡದಲ್ಲಿ ಮಂಜಿ ಹೊರಡುವ ಶಂಖ ಊದಿದರು. ಅದೇ ತೆಂಗಿನ ಮರದ ಹತ್ತಿರ ಅವನು ನಿಂತ, ತಿರುಗಲಿಲ್ಲ.

"ಹೆಣೆ, ಗಿಣಿ ಇನ್ನೊಂದ್ಸಲ ಕರಿತ್ತಾ ಕೇಣ್."

ಗಿಣಿ ನಿದ್ದೆ ಹೋಗಿತ್ತು. ನಾನೇ ಕರೆದೆ, ಊರಿಗೆಲ್ಲ ಕೇಳುವ ಹಾಗೆ.

ಬಂದು ಕೂತವನ ಮುಂದೆ ದೊಡ್ಡ ಚೆಂಬಿನ ತುಂಬ ನೀರು ತಂದಿಟ್ಟೆ.

"ನಿಧಾನ ಕುಡಿನಿ," ಎಂದೆ.